ಊರ ಹೆಸರಿಂದ ಊರಿಗರ ಹೆಸರು: ನಾರ್ವೇಜಿಯನ್‌ನಲ್ಲಿ ಕಟ್ಟುವ ಬಗೆ, ಒಡೆಯುವ ಬಗೆ

ಬೆಂಗಳೂರಿನವರು ಬೆಂಗಳೂರಿಗರು, ಮೈಸೂರಿನವರು ಮೈಸೂರಿಗರು. ಧಾರವಾಡ, ಕಾರವಾರದ ಸರದಿ ಬಂದಾಗ ಈ 'ಇಗ' ಹತ್ತುವುದಿಲ್ಲ. 'ಧಾರವಾಡದವರು', 'ಕಾರವಾರದ ಕಡೆಯವರು' ಎಂದು ಸುಮ್ಮನಾಗುತ್ತೇವೆ. ನಾರ್ವೆಯಲ್ಲಿ ಅಷ್ಟು ಸುಲಭಕ್ಕೆ ಯಾರೂ ಸುಮ್ಮನಾಗುವುದಿಲ್ಲ. ಪಟ್ಟಣ, ಕಣಿವೆ, ದ್ವೀಪ, ಸೀಮೆ ಯಾವುದೇ ಇರಲಿ, ಅಲ್ಲಿಯವರನ್ನು ಕರೆಯಲು ಒಂದೇ ಪದದ ಹೆಸರೊಂದು ಸಾಮಾನ್ಯವಾಗಿ ಇರುತ್ತದೆ. ಓಸ್ಲೋದವರು ಓಸ್ಲೋಎನ್ಸೆರ್, ವೊಸ್ ಊರಿನವರು ವೊಸ್ಸಿಂಗ್, ಟ್ರೊಮ್ಸೋದವರು ಟ್ರೊಮ್ಸೋವ್ಯಾರಿಂಗ್. ಮೂರು ಊರಿಗೆ ಮೂರು ಪ್ರತ್ಯಯ. ಯಾವ ಊರಿಗೆ ಯಾವುದು, ಸೇರಿಸುವಾಗ ನಡುವೆ ಏನು ಬೀಳುತ್ತದೆ, ಏನು ಬಂದು ಸೇರುತ್ತದೆ, ಸಾಲಿನ ಕೊನೆಯಲ್ಲಿ ಆ ಪದವನ್ನು ಎಲ್ಲಿ ಮುರಿಯಬೇಕು, ಕನ್ನಡದಲ್ಲಿ ಬರೆಯುವಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ನೋಡೋಣ. ಭಾಷೆ ಕಲಿಯುತ್ತಿರುವವರಿಗೂ ಅನುವಾದ ಮಾಡುವವರಿಗೂ ನಾರ್ವೆಯ ಸುದ್ದಿ ಬರೆಯುವವರಿಗೂ ಇದು ಬೇಕಾಗುತ್ತದೆ.

ಮೊದಲಿಗೆ ಬರಹದ ಬಗ್ಗೆ ಒಂದು ಮಾತು. ಇಲ್ಲಿ ನಾರ್ವೇಜಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿರುವುದು ಹೆಚ್ಚುಕಡಿಮೆ ಕಾಗುಣಿತದ ಪ್ರಕಾರ, ಉಚ್ಚಾರದ ಪ್ರಕಾರ ಅಲ್ಲ. ಪದ ಒಡೆಯುವ ನಿಯಮಗಳು ಅಕ್ಷರಗಳ ಮೇಲೆ ನಿಂತಿರುವುದೇ ಇದಕ್ಕೆ ಕಾರಣ. ತೊಡಕಿರುವುದು ಸ್ವರಗಳಲ್ಲಿ. ನಾರ್ವೇಜಿಯನ್‌ನ ಸಾದಾ ಓ, ಅಡ್ಡಗೀರು ಎಳೆದ ಓ, ತಲೆಯ ಮೇಲೆ ಸೊನ್ನೆ ಹೊತ್ತ ಎ, ಈ ಮೂರೂ ಕನ್ನಡಕ್ಕೆ ಬಂದಾಗ 'ಓ' ಆಗಿಬಿಡುತ್ತವೆ. ಹಾಗಾಗಿ ಕನ್ನಡದ ರೂಪ ನೋಡಿಕೊಂಡು ಮೂಲ ಕಾಗುಣಿತವನ್ನು ಊಹಿಸಬೇಡಿ. ಇನ್ನೊಂದು ಮಾತು: ಆ ಭಾಷೆಯ ಅಕ್ಷರಮಾಲೆಯಲ್ಲಿ ಎ-ಇ ಬೆಸೆದ ಅಕ್ಷರ, ಅಡ್ಡಗೀರಿನ ಓ, ಸೊನ್ನೆ ಹೊತ್ತ ಎ ಇವು ಝಡ್ ಆದ ಮೇಲೆ, ಇದೇ ಸಾಲಿನಲ್ಲಿ ಬರುತ್ತವೆ. ಓಲೆಸುಂಡ್, ಓರ್‌ಡಾಲ್ ಊರುಗಳನ್ನು ಪಟ್ಟಿಯ ಮೊದಲಲ್ಲಿ ಹುಡುಕಿ 'ಇಲ್ಲ' ಎಂದು ಕೈಬಿಟ್ಟವರು ಬಹಳ. ಅವು ಕಟ್ಟಕಡೆಗೆ ಇರುತ್ತವೆ.

ಹಂತ 1: ಯಾವ ಊರು, ಯಾವ ಬರಹ

ನಾರ್ವೇಜಿಯನ್‌ಗೆ ಬೊಕ್ಮೋಲ್, ನ್ಯುನೊರ್ಸ್ಕ್ ಎಂಬ ಎರಡು ಬರಹರೂಪಗಳಿವೆ. 1885ರ ಸಂಸತ್ತಿನ ನಿರ್ಣಯದಿಂದ ಎರಡಕ್ಕೂ ಸಮಾನ ಸ್ಥಾನ ಸಿಕ್ಕಿತು. ಈಗಿನ ಈ ಹೆಸರುಗಳು ಬಂದದ್ದು 1929ರಲ್ಲಿ. ಊರಿಗರ ಹೆಸರಿನ ಬುಡ ಎರಡರಲ್ಲೂ ಸಾಮಾನ್ಯವಾಗಿ ಒಂದೇ, ಬಾಲ ಮಾತ್ರ ಬೇರೆ. ಬೆರ್ಗೆನ್ ನಗರದವರು ಬೊಕ್ಮೋಲ್‌ನಲ್ಲಿ ಬೆರ್ಗೆನ್ಸೆರ್, ನ್ಯುನೊರ್ಸ್ಕ್‌ನಲ್ಲಿ ಬೆರ್ಗೆನ್ಸರ್. ಯಾವ ಬರಹದಲ್ಲಿ ಬರೆಯುತ್ತೀರೋ ಅದನ್ನು ಮೊದಲೇ ತೀರ್ಮಾನಿಸಿಕೊಂಡು ಕೊನೆಯವರೆಗೆ ಅದರಲ್ಲೇ ಇರಿ. ಒಂದೇ ಪುಟದಲ್ಲಿ 'ಎರ್' ಮತ್ತು 'ಅರ್' ಕಲಸುಮೇಲೋಗರವಾದರೆ ಓದುವವರಿಗೆ ಮೊದಲು ಕಣ್ಣಿಗೆ ಬೀಳುವುದೇ ಅದು.

ಆಮೇಲೆ ಊರು ಯಾವುದೆಂದು ಖಚಿತ ಮಾಡಿಕೊಳ್ಳಿ. ಕ್ರಿಸ್ಟಿಯಾನ್‌ಸಾಂಡ್ ಇರುವುದು ದಕ್ಷಿಣದ ತುದಿಯಲ್ಲಿ, ಕ್ರಿಸ್ಟಿಯಾನ್‌ಸುಂಡ್ ಇರುವುದು ಪಶ್ಚಿಮ ಕರಾವಳಿಯ ನೂರ್‌ಮೋರೆಯಲ್ಲಿ. ಅಲ್ಲಿಯವರು ಕ್ರಿಸ್ಟಿಯಾನ್‌ಸಾಂಡೆರ್, ಇಲ್ಲಿಯವರು ಕ್ರಿಸ್ಟಿಯಾನ್‌ಸುಂಡೆರ್. ಒಂದೇ ಒಂದು ಸ್ವರ ತಪ್ಪಿದರೆ ಮನುಷ್ಯನನ್ನು ದೇಶದ ಇನ್ನೊಂದು ಮೂಲೆಗೆ ಸಾಗಿಸಿದಂತಾಗುತ್ತದೆ.

ಆಡಳಿತದ ನಕ್ಷೆಯನ್ನೂ ಪೂರ್ತಿ ನಂಬಬೇಡಿ. 2020ರಲ್ಲಿ ಪುರಸಭೆಗಳನ್ನು ಒಂದಕ್ಕೊಂದು ಸೇರಿಸಿ 356ಕ್ಕೆ ಇಳಿಸಲಾಯಿತು. 2024ರಲ್ಲಿ ಓಲೆಸುಂಡ್‌ನಿಂದ ಹಾರಾಮ್ ಬೇರೆಯಾಗಿ ಸಂಖ್ಯೆ 357 ಆಯಿತು. ಜಿಲ್ಲೆಗಳು 2020ರಲ್ಲಿ 11ಕ್ಕೆ ಇಳಿದು, 2024ರಲ್ಲಿ ಮತ್ತೆ 15ಕ್ಕೆ ಏರಿದವು. ಓರ್ಕ್‌ಡಾಲ್ ಎಂಬ ಪುರಸಭೆ ಈಗಿಲ್ಲ, 2020ರಲ್ಲಿ ಓರ್ಕ್‌ಲಾಂಡ್‌ನೊಳಗೆ ಸೇರಿಹೋಯಿತು. ಆದರೆ ಕಣಿವೆ ಎಲ್ಲಿಗೂ ಹೋಗಿಲ್ಲ, ಅಲ್ಲಿಯವರು ಇಂದಿಗೂ ಓರ್ಕ್‌ಡಾಲಿಂಗ್‌ಗಳೇ. ಮೋರೆ-ಓಗ್-ರೊಮ್ಸ್‌ಡಾಲ್ ಜಿಲ್ಲೆಯವರನ್ನು ಒಂದೇ ಹೆಸರಲ್ಲಿ ಕರೆಯಲು ಹೊರಟರೆ ಇನ್ನೂ ಕಷ್ಟ. ಅಲ್ಲಿರುವವರು ಸುನ್‌ಮೋರಿಂಗ್, ನೂರ್‌ಮೋರಿಂಗ್, ರೊಮ್ಸ್‌ಡಾಲಿಂಗ್. ಮೂರು ಸೀಮೆ, ಮೂರು ಹೆಸರು.

ಹಂತ 2: ಊರ ಹೆಸರನ್ನು ಬಿಚ್ಚಿ

ಪ್ರತ್ಯಯ ಹುಡುಕುವ ಮೊದಲು ಊರ ಹೆಸರನ್ನು ತುಂಡು ಮಾಡಿ ನೋಡಬೇಕು. ಎರಡು ಪ್ರಶ್ನೆ ಕೇಳಿಕೊಳ್ಳಿ. ಕೊನೆಯಲ್ಲಿರುವುದು ನಿರ್ದೇಶಕ ಪ್ರತ್ಯಯವೋ, ಅಂದರೆ 'ಆ' ಎಂಬರ್ಥದ 'ಎನ್' ಅಂಟಿಕೊಂಡಿದೆಯೋ? ಸಮಾಸವಾಗಿದ್ದರೆ ಕೊನೆಯ ಪದ ಯಾವುದು: ಡಾಲ್ (ಕಣಿವೆ), ಲಾಂಡ್ (ನಾಡು), ಓಯ್ (ದ್ವೀಪ), ಫ್ಯೋರ್ಡ್ (ನೆಲದೊಳಗೆ ಚಾಚಿದ ಕಡಲ ತೋಳು), ವೀಕ್ (ಕೊಲ್ಲಿ), ಮಾರ್ಕ್ (ಕಾಡುನೆಲ, ಗಡಿಸೀಮೆ)?

ಗುಡ್‌ಬ್ರಾಂಡ್ಸ್‌ಡಾಲೆನ್ ಅನ್ನು ಬಿಚ್ಚಿದರೆ ಗುಡ್‌ಬ್ರಾಂಡ್ + ಸ್ + ಡಾಲ್ + ಎನ್ ಸಿಗುತ್ತದೆ. ಗುಡ್‌ಬ್ರಾಂಡ್ ಎಂಬವನ ಕಣಿವೆ. ನಡುವಿನ 'ಸ್' ನಮ್ಮ 'ಅ' ವಿಭಕ್ತಿಯಂತೆ ಷಷ್ಠಿಯ ಕೆಲಸ ಮಾಡುತ್ತದೆ. ಊರಿಗರ ಹೆಸರು ಕಟ್ಟುವಾಗ ಕೊನೆಯ 'ಎನ್' ಬಿದ್ದುಹೋಗಬೇಕು, ನಡುವಿನ 'ಸ್' ಉಳಿಯಬೇಕು. ಹೊಸದಾಗಿ ಕಲಿಯುವವರು ಇದನ್ನು ತಿರುಗುಮುರುಗು ಮಾಡುತ್ತಾರೆ: 'ಎನ್' ಇಟ್ಟುಕೊಂಡು 'ಸ್' ಅನ್ನು ಬಿಡುತ್ತಾರೆ. ಲೋಫೋಟೆನ್‌ನವರು ಲೋಫೋಟಿಂಗ್, ವೆಸ್ಟೆರ್‌ಓಲೆನ್‌ನವರು ವೆಸ್ಟೆರ್‌ಓಲಿಂಗ್, ಯ್ಯಾರೆನ್‌ನವರು ಯ್ಯಾರ್‌ಬೂ. ಮೂರರಲ್ಲೂ 'ಎನ್' ಹೋಯಿತು.

ಹಾಗೆಂದು ಕೊನೆಯ 'ಎನ್' ಎಲ್ಲ ಕಡೆಯೂ ಬೀಳುವುದಿಲ್ಲ. ಬೆರ್ಗೆನ್, ಡ್ರಾಮೆನ್ ನಗರಗಳಲ್ಲಿ ಅದು ಹೆಸರಿನ ಮೈಗೇ ಅಂಟಿ ಒಂದಾಗಿಬಿಟ್ಟಿದೆ, ಹಾಗಾಗಿ ಉಳಿಯುತ್ತದೆ.

ಹಂತ 3: ಪ್ರತ್ಯಯದ ಆಯ್ಕೆ

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು 'ಇಂಗ್'. ಸೊಗ್ನ್–ಸೊಗ್ನಿಂಗ್, ಮೊಸ್–ಮೊಸ್ಸಿಂಗ್, ಫಿನ್‌ಮಾರ್ಕ್–ಫಿನ್‌ಮಾರ್ಕಿಂಗ್, ಸಾಂಡೆಫ್ಯೋರ್ಡ್–ಸಾಂಡೆಫ್ಯೋರ್ಡಿಂಗ್, ಹಾಮರ್‌ಫೆಸ್ಟ್–ಹಾಮರ್‌ಫೆಸ್ಟಿಂಗ್. ನಮ್ಮ 'ಇಗ'ದಂತೆ ಕಿವಿಗೆ ಕೇಳಿಸಿದರೂ ಎರಡಕ್ಕೂ ನಂಟಿಲ್ಲ. ನೆನಪಿಟ್ಟುಕೊಳ್ಳಲು ಅನುಕೂಲ, ಅಷ್ಟೆ. ಏನೂ ಗೊತ್ತಿಲ್ಲದಿದ್ದಾಗ ಊಹೆಗೆ 'ಇಂಗ್' ಹಾಕಿದರೆ ಸರಿಯಾಗುವ ಸಂಭವ ಹೆಚ್ಚು. ಆದರೆ ಅದು ಊಹೆಯೇ, ಅಚ್ಚಿಗೆ ಹೋಗುವಂಥದ್ದಲ್ಲ.

ಉತ್ತರ ನಾರ್ವೆಗೆ ಹೋದಂತೆ 'ವ್ಯಾರಿಂಗ್' ಕಾಲಿಡುತ್ತದೆ. ಟ್ರೊಮ್ಸೋವ್ಯಾರಿಂಗ್, ಬೋಡೋವ್ಯಾರಿಂಗ್, ವಾರ್ಡೋವ್ಯಾರಿಂಗ್, ಆಲ್ಟಾವ್ಯಾರಿಂಗ್. ಸ್ವರದಲ್ಲಿ ಮುಗಿಯುವ ಊರುಗಳಿಗೆ ಇದು ಹೇಳಿ ಮಾಡಿಸಿದಂತಿದೆ. 'ಗುರು' ಮತ್ತು 'ಅನ್ನು' ಸೇರುವಾಗ ನಡುವೆ ವಕಾರ ನುಗ್ಗಿ 'ಗುರುವನ್ನು' ಆಗುವುದು ನೆನಪಾಗುತ್ತದೆ. ಆದರೆ ಇಲ್ಲಿನ 'ವ' ಆಗಮವಾಗಿ ಬಂದದ್ದಲ್ಲ. ಹಳೆಯ ನಾರ್ಸ್‌ನಲ್ಲಿ (ನಾರ್ವೇಜಿಯನ್‌ನ ಹಿಂದಿನ ರೂಪ ಅದು) ಊರಿಗರನ್ನು ಹೇಳುತ್ತಿದ್ದ 'ವೆರ್ಯರ್' ಎಂಬ ಪದದ ಉಳಿಕೆ ಅದು. ರೋಮನ್ನರನ್ನು ಆ ಭಾಷೆಯಲ್ಲಿ ರೋಮ್‌ವೆರ್ಯರ್ ಎನ್ನುತ್ತಿದ್ದರು. ಅದಕ್ಕೇ ವ್ಯಂಜನದಲ್ಲಿ ಮುಗಿಯುವ ಹಾರ್‌ಸ್ಟಾಡ್ ಊರಿನವರೂ ಹಾರ್‌ಸ್ಟಾಡ್‌ವ್ಯಾರಿಂಗ್. ಇದೇ ಪದ 'ಇಂಗ್' ಇಲ್ಲದೆ, ಬರೀ 'ವ್ಯಾರ್' ಆಗಿ ಗುಡ್‌ಬ್ರಾಂಡ್ಸ್‌ಡಾಲೆನ್‌ನ ಮೇಲ್ಭಾಗದಲ್ಲಿ ಉಳಿದುಕೊಂಡಿದೆ: ಲೊಮ್ ಊರಿನವರು ಲೊಮ್‌ವ್ಯಾರ್, ಶೋಕ್ ಊರಿನವರು ಶೋಕ್‌ವ್ಯಾರ್. ಇವುಗಳಿಗೆ 'ಇಂಗ್' ಅಂಟಿಸಿ ಲೊಮ್‌ವ್ಯಾರಿಂಗ್ ಎಂದರೆ ಊರವರಿಗೆ ಒಪ್ಪಿಗೆಯಾಗದು.

ಕಣಿವೆಗಳ ಕತೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಡಾಲ್ ಎಂಬುದು ಡೋಲ್ ಆಗುತ್ತದೆ, ಅಡ್ಡಗೀರಿನ ಓ ಬರುತ್ತದೆ, ಬೇರೆ ಯಾವ ಪ್ರತ್ಯಯವೂ ಬೇಡ. ಗುಡ್‌ಬ್ರಾಂಡ್ಸ್‌ಡೋಲ್, ಓಸ್ಟೆರ್‌ಡೋಲ್, ಹಾಲಿಂಗ್‌ಡೋಲ್, ನುಮೆಡೋಲ್, ಸೇಟೆಸ್‌ಡೋಲ್. ಪಶ್ಚಿಮದಲ್ಲಿ ಲ್ಯಾರ್‌ಡೋಲ್, ಓರ್‌ಡೋಲ್, ಸೊಗ್ನ್‌ಡೋಲ್. ಆದರೆ ನೂರ್‌ಮೋರೆ, ರೊಮ್ಸ್‌ಡಾಲ್, ಟ್ರೋಂಡೆಲಾಗ್ ಕಡೆಗೆ ತಿರುಗಿದರೆ ಸ್ವರ ಮಿಸುಕದೆ 'ಡಾಲಿಂಗ್' ಆಗುತ್ತದೆ: ಸುನ್‌ಡಾಲಿಂಗ್, ಸುರ್ನ್‌ಡಾಲಿಂಗ್, ಒಪ್‌ಡಾಲಿಂಗ್, ವೆರ್‌ಡಾಲಿಂಗ್, ಸ್ಟ್ಯೋರ್‌ಡಾಲಿಂಗ್. ಇದನ್ನು ನಿಯಮವಾಗಿ ಬಾಯಿಪಾಠ ಮಾಡುವುದಕ್ಕಿಂತ ನಕ್ಷೆಯಾಗಿ ನೆನಪಿಟ್ಟುಕೊಳ್ಳುವುದು ಲೇಸು. ಎರಡನ್ನೂ ಒಂದರ ಮೇಲೊಂದು ಹೇರಿ 'ಡೋಲಿಂಗ್' ಮಾಡುವುದು ಕಲಿಯುವವರ ಕೈಯಲ್ಲಿ ಆಗುವ ಮಾಮೂಲಿ ತಪ್ಪು. ಸ್ವರ ಬದಲಾಗಿದ್ದರೆ ಪ್ರತ್ಯಯ ಬೇಡ, ಪ್ರತ್ಯಯ ಇದ್ದರೆ ಸ್ವರ ಬದಲಾಗದು.

ಈ ಮಾತು ಕಣಿವೆಗೆ ಮಾತ್ರ. ಲಾಂಡ್ ಎಂದು ಮುಗಿಯುವ ಹೆಸರುಗಳಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ: ಆ ಹೋಗಿ ಎ ಬರುತ್ತದೆ, ಮೇಲೆ 'ಇಂಗ್' ಕೂಡುತ್ತದೆ. ನೂರ್‌ಲೆಂಡಿಂಗ್, ರೋಗಾಲೆಂಡಿಂಗ್, ಹಾಡೆಲೆಂಡಿಂಗ್, ಹೆಲ್ಗೆಲೆಂಡಿಂಗ್. ಮುಂದೆ ಬರುವ ಇಕಾರ ಹಿಂದಿನ ಸ್ವರವನ್ನು ತನ್ನ ಕಡೆಗೆ ಎಳೆದುಕೊಂಡ ಹಳೆಯ ಬದಲಾವಣೆ ಇದು. ಹೊರದೇಶಗಳ ವಿಷಯದಲ್ಲಿ ಮಾತ್ರ ಜೋಪಾನ: ಗ್ರೀನ್‌ಲ್ಯಾಂಡಿನವರು ಗ್ರೋನ್‌ಲೆಂಡೆರ್, ನೆದರ್‌ಲ್ಯಾಂಡ್ಸ್‌ನವರು ನೇಡೆರ್‌ಲೆಂಡೆರ್, ಐಸ್‌ಲ್ಯಾಂಡಿನವರು ಮಾತ್ರ ಈಸ್‌ಲೆಂಡಿಂಗ್. ಹಳೆಯ ನೆಂಟರಾದ್ದರಿಂದ ಮನೆಯ ಪ್ರತ್ಯಯವೇ ಸಿಕ್ಕಿದೆ ಎನ್ನೋಣ.

'ಬೂ' ಮತ್ತು 'ಬ್ಯುಗ್' ಎರಡೂ ನೆಲೆಸುವುದು ಎಂಬ ಅರ್ಥದ ಮಾತುಗಳಿಂದ ಬಂದವು. ನೆರೆಯವನಿಗೆ ಹೇಳುವ 'ನಾಬೂ'ನಲ್ಲಿರುವುದೂ ಇದೇ 'ಬೂ'. ಯ್ಯಾರೆನ್‌ನವರು ಯ್ಯಾರ್‌ಬೂ. ಟ್ರೋಂಡೆಲಾಗ್‌ನಲ್ಲಿ ಸೆಲ್‌ಬೂ ಊರಿನವರು ಸೆಲ್‌ಬ್ಯುಗ್, ರೆನ್ನೆಬೂದವರು ರೆನ್‌ಬ್ಯುಗ್, ಸ್ಟೈನ್‌ಶೇರ್‌ನವರು ಸ್ಟೈನ್‌ಶೇರ್‌ಬ್ಯುಗ್. ಸೆಲ್‌ಬೂ ಅನ್ನು ನೋಡಿ: 'ಬೂ' ಇರುವುದು ಊರ ಹೆಸರಿನಲ್ಲೇ, ಹಾಗಾಗಿ ಅದೇ ಊರಿಗರ ಹೆಸರೂ ಆಗಲು ಸಾಧ್ಯವಿಲ್ಲ.

ಪಟ್ಟಣದ ಹೆಸರುಗಳಿಗೆ ಲ್ಯಾಟಿನ್ ಗಾಳಿ ಬೀಸಿದೆ. 'ಎನ್ಸೆರ್' ಎಂಬುದು ಲ್ಯಾಟಿನ್‌ನ 'ಎನ್ಸಿಸ್'ನಿಂದ ಬಂದದ್ದು: ಓಸ್ಲೋಎನ್ಸೆರ್, ಟೋನ್ಸ್‌ಬೆರ್ಗೆನ್ಸೆರ್, ಯೋವೀಕೆನ್ಸೆರ್, ಮೊಲ್ಡೆನ್ಸೆರ್. ಬರೀ 'ಎರ್' ಹಚ್ಚುವವೂ ಉಂಟು: ಓಲೆಸುಂಡೆರ್, ಹೌಗೆಸುಂಡೆರ್. ಆರೆಂಡಾಲ್‌ನವರು ಆರೆಂಡಾಲಿಟ್, ಗ್ರೀಕ್ ಮೂಲದ 'ಇಟ್' ಹೊತ್ತವರು. ಕಣಿವೆ ಎಂದುಕೊಂಡು ಆರೆಂಡೋಲ್ ಎನ್ನಬೇಡಿ. ಇದೇ 'ಇಟ್' ಕಲ್ಲುಗಳ ಹೆಸರಿಗೂ ಬರುತ್ತದೆ: ಕಟ್ಟಡಗಳ ಮುಂಭಾಗಕ್ಕೆ ಹಾಕುವ, ನೀಲಿ ಮಿನುಗಿನ ಲಾರ್ವಿಕಿಟ್ ಎಂಬ ಕಲ್ಲಿಗೆ ಆ ಹೆಸರು ಬಂದದ್ದು ಲಾರ್ವೀಕ್ ಊರಿನಿಂದ. ಊರಿನ ಮನುಷ್ಯ ಲಾರ್ವೀಕಿಂಗ್.

ಇನ್ನು ಕೆಲವು ನಿಯಮಕ್ಕೆ ಬಗ್ಗುವುದೇ ಇಲ್ಲ. ಬ್ಯಾರುಮ್‌ನವರು ಬ್ಯಾರಿಂಗ್, ಅದರ ಪಕ್ಕದ ಆಸ್ಕೆರ್‌ನವರು ಆಸ್ಕೆರ್‌ಬೋರಿಂಗ್. ಸಾರ್ಪ್ಸ್‌ಬೋರ್ಗ್‌ನವರು ಸಾರ್ಪಿಂಗ್, ವಾಲ್‌ಡ್ರೆಸ್‌ನವರು ವಾಲ್‌ಡ್ರಿಸ್, ಹಾರ್‌ಡಾಂಗೆರ್‌ನವರು ಹಾರ್‌ಡಿಂಗ್. ಟ್ರೋಂಡೆಲಾಗ್‌ನವರು ಟ್ರೋಂಡೆರ್, ಇಲ್ಲಿ ಊರಿಂದ ಜನಕ್ಕೆ ಹೆಸರು ಬಂದಿಲ್ಲ, ಜನರಿಂದ ಊರಿಗೆ ಬಂದಿದೆ. ಟ್ರೋಂಡೆರ್ ಜನರ ಮನೆಯೇ ಟ್ರೊಂಡ್‌ಹೈಮ್. ಇಂಥವನ್ನು ಸೂತ್ರದಿಂದ ಹೊರಡಿಸಲು ಹೋಗಬೇಡಿ, ನೇರವಾಗಿ ಕಲಿತುಬಿಡಿ. ನಾರ್ವೆಯ ಭಾಷಾ ಮಂಡಳಿಯಾದ ಸ್ಪ್ರೋಕ್‌ರೋಡೆ ಊರಿಗರ ಹೆಸರುಗಳ ಪಟ್ಟಿಯನ್ನು ಬೊಕ್ಮೋಲ್, ನ್ಯುನೊರ್ಸ್ಕ್ ಎರಡರಲ್ಲೂ ಇಟ್ಟಿದೆ. ಕೊನೆಯ ಪರೀಕ್ಷೆ ಅಲ್ಲಿಯೇ. ಪಟ್ಟಿಯಲ್ಲಿ ಸಿಗದಿದ್ದರೆ 'ಫ್ರಾ' (ಇಂದ) ಎಂಬ ಪದ ಹಾಕಿ 'ಇಂಥ ಊರಿಂದ ಬಂದವರು' ಎಂದು ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ನಮ್ಮ 'ಧಾರವಾಡದವರು' ಇದ್ದಂತೆಯೇ ಅದು.

ಅಡ್ಡಹೆಸರುಗಳು ಬೇರೆಯೇ. ಸ್ಟಾವಾಂಗೆರ್‌ನವರಿಗೆ ಸಿಡಿಸ್, ಸಾಂಡ್‌ನೇಸ್‌ನವರಿಗೆ ಸಾಂಡ್‌ನೇಸ್‌ಗೌಕ್ (ಮಣ್ಣಿನಲ್ಲಿ ಮಾಡಿದ ಕೋಗಿಲೆ ಪೀಪಿಯಿಂದ), ಬೆರ್ಗೆನ್ ಸುತ್ತಲಿನ ಹಳ್ಳಿಗರಿಗೆ ಸ್ಟ್ರೀಲ್. ಮಾತಿನಲ್ಲಿ ಇವೆಲ್ಲ ಚೆಂದ. ವರದಿಯಲ್ಲಿ ಬಳಸುವ ಮೊದಲು ಎರಡು ಸಲ ಯೋಚಿಸಿ.

ಹಂತ 4: ಬೆಸುಗೆಯಲ್ಲಿ ಆಗುವುದು

ಪ್ರತ್ಯಯ ಸಿಕ್ಕಿದ ಮೇಲೆ ಸಂಧಿಯ ಕೆಲಸ. ಲೋಪ, ಆಗಮ, ಆದೇಶ ಎಂದು ಶಾಲೆಯಲ್ಲಿ ಓದಿದ ಮೂರೂ ಇಲ್ಲಿ ಕೈಗೆ ಬರುತ್ತವೆ.

ಲೋಪ ಸುಲಭ. ಬೆಂಗಳೂರು + ಇಗ ಸೇರಿದಾಗ ಉಕಾರ ಬಿದ್ದಂತೆ, ಸುನ್‌ಮೋರೆ + ಇಂಗ್ ಸೇರಿದಾಗ ಕೊನೆಯ ಎಕಾರ ಬೀಳುತ್ತದೆ. ಡೊವ್ರೆ–ಡೊವ್ರಿಂಗ್, ಲೆಶ್ಯಾ–ಲೆಶಿಂಗ್, ಫ್ರೊಸ್ಟಾ–ಫ್ರೊಸ್ಟಿಂಗ್. ಮೊಲ್ಡೆ + ಎನ್ಸೆರ್ ಸೇರಿದಾಗಲೂ ಹಾಗೆಯೇ, ಎರಡು ಎಕಾರಗಳಲ್ಲಿ ಒಂದು ಮಾತ್ರ ಉಳಿಯುತ್ತದೆ. ಬೆರ್ಗೆನ್ + ಎನ್ಸೆರ್ ಕೂಡಿಸಿದರೆ ಬೆರ್ಗೆನೆನ್ಸೆರ್ ಆಗಬೇಕಿತ್ತು. 'ಎನ್' ಎರಡು ಸಲ ಬರುವುದು ನಾಲಿಗೆಗೆ ಭಾರವಾಗಿ ಒಂದು ಬಿದ್ದುಹೋಗಿದೆ. ಡ್ರಾಮೆನ್ಸೆರ್, ಹಾಲ್‌ಡೆನ್ಸೆರ್ ಆದದ್ದೂ ಹೀಗೆ.

ಆಗಮಕ್ಕೆ ಹಾಮಾರ್ ಸಾಕು: ಹಾಮಾರ್‌ಸಿಂಗ್, ನಡುವೆ ಸಕಾರ. ಆದೇಶವನ್ನು ಡಾಲ್–ಡೋಲ್, ಲಾಂಡ್–ಲೆಂಡ್‌ನಲ್ಲಿ ಆಗಲೇ ನೋಡಿದೆವು.

ಇವೆಲ್ಲಕ್ಕಿಂತ ಜನ ಎಡವುವುದು ಮಕಾರದಲ್ಲಿ. ನಾರ್ವೇಜಿಯನ್‌ನಲ್ಲಿ ಹ್ರಸ್ವಸ್ವರದ ಮುಂದೆ ವ್ಯಂಜನವನ್ನು ಎರಡು ಸಲ ಬರೆಯುವುದು ಪದ್ಧತಿ. ಮಕಾರ ಮಾತ್ರ ಪದದ ಕೊನೆಯಲ್ಲಿ ಸಾಮಾನ್ಯವಾಗಿ ಒಂಟಿಯಾಗಿಯೇ ಇರುತ್ತದೆ. ಮುಂದೆ ಸ್ವರ ಬಂದೊಡನೆ ಎರಡಾಗುತ್ತದೆ. ಟ್ರೊಂಡ್‌ಯೆಮ್ ಎಂಬ ಹಳೆಯ ಕಾಗುಣಿತಕ್ಕೆ 'ಎರ್' ಸೇರಿ ಟ್ರೊಂಡ್‌ಯೆಮ್ಮೆರ್ ಆದಾಗ ಒಂದು ಎಮ್ ಎರಡಾಯಿತು. ಲಿಲ್ಲೆಹಾಮ್ಮೆರ್‌ನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. 'ಇಂಗ್' ಸೇರುವಾಗ ನಡುವಿನ ಎಕಾರ ಬಿದ್ದು, ಎಮ್‌ಗೆ ರಕಾರ ತಾಗುತ್ತದೆ. ವ್ಯಂಜನದ ಮುಂದೆ ಜೋಡಿ ಬೇಡವಾದ್ದರಿಂದ ಎರಡು ಎಮ್ ಒಂದಾಗಿ ಲಿಲ್ಲೆಹಾಮ್ರಿಂಗ್ ಸಿಗುತ್ತದೆ. ಒಂದು ಕಡೆ ಒಂದು ಎರಡಾಗುತ್ತದೆ, ಇನ್ನೊಂದು ಕಡೆ ಎರಡು ಒಂದಾಗುತ್ತದೆ. ನಿಯಮ ಒಂದೇ.

ಟ್ರೊಂಡ್‌ಹೈಮ್ ನಗರದ ಹೆಸರು 1930ರ ಆರಂಭದಲ್ಲಿ ನೀಡಾರೋಸ್ ಆಗಿ, 1931ರ ಮಾರ್ಚ್‌ನಲ್ಲಿ ಈಗಿನ ರೂಪಕ್ಕೆ ಬಂತು. ಊರಿಗರ ಹೆಸರಿನಲ್ಲಿ ಮಾತ್ರ ಹಳೆಯ ಟ್ರೊಂಡ್‌ಯೆಮ್ ಇನ್ನೂ ಉಸಿರಾಡುತ್ತಿದೆ. ಹೊಸ ಕಾಗುಣಿತದಿಂದ ಟ್ರೊಂಡ್‌ಹೈಮೆರ್ ಎಂದು ಬರೆಯುವುದಾದರೆ ಎಮ್ ಒಂದೇ ಸಾಕು, ಅಲ್ಲಿ 'ಐ' ದೀರ್ಘ.

ಹಂತ 5: ಉಚ್ಚಾರಾಂಶ ಎಣಿಸುವುದು

ಪದವನ್ನು ಸರಿಯಾಗಿ ಕಟ್ಟಿದ ಮೇಲೂ ಕನ್ನಡಿಗರು ಎಣಿಕೆಯಲ್ಲಿ ತಪ್ಪುತ್ತಾರೆ. ಕಾರಣ ನಮ್ಮ ಲಿಪಿ. ಬೆರ್ಗೆನ್ಸೆರ್ ಎಂದು ಬರೆದರೆ ನಮ್ಮ ಕಣ್ಣಿಗೆ ಕಾಣುವ ತುಂಡುಗಳು ಬೆ–ರ್ಗೆ–ನ್ಸೆ–ರ್. ಒತ್ತಕ್ಷರ ಒಂದೇ ಗಂಟು, ಅದನ್ನು ಬಿಡಿಸುವ ರೂಢಿ ನಮಗಿಲ್ಲ. ನಾರ್ವೇಜಿಯನ್ ಒಡೆಯುವುದು ಆ ಗಂಟಿನ ನಡುವೆಯೇ: ಬೆರ್-ಗೆನ್-ಸೆರ್. ವೊಸ್ಸಿಂಗ್‌ನ 'ಸ್ಸಿ' ಕೂಡ ಹಾಗೆಯೇ ವೊಸ್-ಸಿಂಗ್ ಆಗುತ್ತದೆ.

ಇಲ್ಲಿ ಛಂದಸ್ಸು ಓದಿದವರಿಗೆ ಒಂದು ಲಾಭವಿದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಪ್ರಸ್ತಾರ ಹಾಕುವಾಗ ನಾವು ಮಾಡುವುದು ಇದೇ ಕೆಲಸ: ಒತ್ತಕ್ಷರದ ಮೊದಲ ಅರ್ಧವನ್ನು ಹಿಂದಿನದಕ್ಕೆ ಸೇರಿಸಿ ತೂಗುತ್ತೇವೆ. ನಾರ್ವೇಜಿಯನ್‌ನಲ್ಲಿ ಒತ್ತು (ಒತ್ತಕ್ಷರವಲ್ಲ, ನುಡಿಯುವಾಗ ಹಾಕುವ ಬಲ) ಬೀಳುವ ಉಚ್ಚಾರಾಂಶ ಗುರುವಾಗಿಯೇ ಇರಬೇಕು. ಸ್ವರ ದೀರ್ಘವಾಗಿರಬೇಕು (ಲೋಫೋಟಿಂಗ್‌ನ ಲೋ), ಇಲ್ಲವೇ ಹ್ರಸ್ವಸ್ವರದ ಮುಂದೆ ವ್ಯಂಜನ ನಿಂತು ತೂಕ ತುಂಬಬೇಕು (ವೊಸ್ಸಿಂಗ್‌ನ ವೊಸ್). ಲಘುವಿನ ಮೇಲೆ ಒತ್ತು ಬೀಳುವುದಿಲ್ಲ.

ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನೂ ಪ್ರತ್ಯಯವೇ ಹೇಳುತ್ತದೆ. 'ಇಂಗ್', 'ವ್ಯಾರಿಂಗ್', 'ಡೋಲ್' ಸೇರಿದಾಗ ಒತ್ತು ಮೊದಲಿದ್ದಂತೆ ಪದದ ಆರಂಭದಲ್ಲೇ ಉಳಿಯುತ್ತದೆ. 'ಎನ್ಸೆರ್' ಬಂದರೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ: ಬೆರ್ಗೆನ್ ಎನ್ನುವಾಗ ಒತ್ತು 'ಬೆರ್' ಮೇಲೆ, ಬೆರ್ಗೆನ್ಸೆರ್ ಎನ್ನುವಾಗ 'ಗೆನ್' ಮೇಲೆ. 'ಇಟ್' ಇನ್ನೂ ಮುಂದೆ ಹೋಗಿ ಕೊನೆಗೇ ಒಯ್ಯುತ್ತದೆ. ಇನ್ನೊಂದು ಸಣ್ಣ ಸಂಗತಿ: 'ಇಂಗ್'ನ ಕೊನೆಯಲ್ಲಿ ಗಕಾರ ಕೇಳಿಸಬಾರದು, ವರ್ಣಮಾಲೆಯಲ್ಲಿ ನಾವು ಬಳಸದೆ ಬಿಟ್ಟಿರುವ 'ಙ' ಮಾತ್ರ ಕೇಳಿಸಬೇಕು. ಓಸ್ಲೋ ಸುತ್ತಲಿನ ಮಾತಿನಲ್ಲಿ ರಕಾರಕ್ಕೆ ಸಕಾರ ತಾಗಿದರೆ ಎರಡೂ ಸೇರಿ 'ಷ' ಆಗುತ್ತದೆ, ಹಾಮಾರ್‌ಸಿಂಗ್ ಕಿವಿಗೆ ಹಾಮಾಷಿಙ್. ಮೂರ್ಧನ್ಯಗಳ ಅಭ್ಯಾಸ ನಮಗಿರುವುದರಿಂದ ಈ ಒಂದು ಜಾಗದಲ್ಲಿ ಇಂಗ್ಲಿಷರಿಗಿಂತ ನಾವೇ ಮುಂದು.

ಹಂತ 6: ಸಾಲಿನ ಕೊನೆಯಲ್ಲಿ ಮುರಿಯುವುದು

ಎರಡು ನಿಯಮ, ಇದೇ ಕ್ರಮದಲ್ಲಿ. ಸಮಾಸವಾಗಿದ್ದರೆ ಸಮಾಸದ ಬೆಸುಗೆಯಲ್ಲಿ ಮುರಿಯಿರಿ. ಇಲ್ಲದಿದ್ದರೆ, ಅಥವಾ ಆ ಜಾಗದಲ್ಲಿ ಮುರಿಯಲು ಸಾಲು ಬಿಡದಿದ್ದರೆ, ಒಂದೇ ಒಂದು ವ್ಯಂಜನವನ್ನು ಕೆಳಗಿನ ಸಾಲಿಗೆ ಕಳುಹಿಸಿ.

ಮೊದಲನೆಯದರಂತೆ: ಟ್ರೊಮ್ಸೋ-ವ್ಯಾರಿಂಗ್, ಸುನ್-ಮೋರಿಂಗ್, ನೂರ್-ಲೆಂಡಿಂಗ್, ಹಾಲಿಂಗ್-ಡೋಲ್, ಸೆಲ್-ಬ್ಯುಗ್. ಷಷ್ಠಿಯ 'ಸ್' ಮೇಲಿನ ಸಾಲಿನಲ್ಲೇ ಉಳಿಯಬೇಕು: ರೊಮ್ಸ್-ಡಾಲಿಂಗ್, ಸೇಟೆಸ್-ಡೋಲ್. ಅದನ್ನು ಕೆಳಗೆ ತಳ್ಳಿ ರೊಮ್-ಸ್ಡಾಲಿಂಗ್ ಮಾಡಿದರೆ ಆ ಭಾಷೆಯಲ್ಲೇ ಇಲ್ಲದ ಆರಂಭ ಹುಟ್ಟುತ್ತದೆ. ಎರಡನೆಯದರಂತೆ: ವೊಸ್-ಸಿಂಗ್, ಸೊಗ್-ನಿಂಗ್, ಲಿಲ್ಲೆಹಾಮ್-ರಿಂಗ್, ಡ್ರಾಮೆನ್-ಸೆರ್.

ವೆಸ್ಟೆರ್‌ಓಲಿಂಗ್ ಅನ್ನು ಹತ್ತಿರದಿಂದ ನೋಡಿ. ಎರಡನೆಯ ನಿಯಮವನ್ನು ಕಣ್ಣುಮುಚ್ಚಿ ಹಾಕಿದರೆ ವೆಸ್ಟೆ-ರೋಲಿಂಗ್ ಆಗುತ್ತದೆ. ಕೆಳಗಿನ ಸಾಲಿನಲ್ಲಿ 'ರೋಲಿಂಗ್' ಎಂದು ಓದಿದವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಸಮಾಸದ ಬೆಸುಗೆ ಇರುವುದು ರಕಾರದ ಆಚೆ: ವೆಸ್ಟೆರ್-ಓಲಿಂಗ್. ಇನ್ನೆರ್‌ಓಯಿಂಗ್ ಕೂಡ ಹಾಗೆಯೇ, ಬೆಸುಗೆ 'ಓಯ್' ಎಂಬ ದ್ವೀಪದ ಮೊದಲು. ಅಡ್ಡಗೀರಿನ ಓ ಮತ್ತು ವೈ ಸೇರಿದ 'ಓಯ್' ಸಂಧ್ಯಕ್ಷರ, ಅದರ ನಡುವೆ ಎಂದೂ ಮುರಿಯಬಾರದು. ಲೋಫೋಟಿಂಗ್ ಲೋ-ಫೋಟಿಂಗ್ ಆಗುತ್ತದೆ, ಎರಡು ನಿಯಮಕ್ಕೂ ಅದು ಸರಿಹೊಂದುತ್ತದೆ. ಇಂಥ ಜಾಗ ಸಿಕ್ಕರೆ ಬಿಡಬೇಡಿ.

ಎರಡು ಮೂರು ಅಕ್ಷರ ಸೇರಿ ಒಂದೇ ಧ್ವನಿ ಕೊಡುವ ಜಾಗಗಳನ್ನು ಮುಟ್ಟಬೇಡಿ. ಸ್ಟೈನ್‌ಶೇರ್‌ನ ಕೆ-ಜೆ ಅಂಥದ್ದು. ಸ್ಟೈನ್-ಶೇರ್‌ಬ್ಯುಗ್ ಸರಿ, ಕೆ ಮೇಲೆ ಜೆ ಕೆಳಗೆ ಆದರೆ ತಪ್ಪು. ಬಹುವಚನದ 'ಇಂಗೆರ್'ನಲ್ಲಿ ಎನ್-ಜಿ ಒಂದೇ ಧ್ವನಿಯಾದ್ದರಿಂದ ಅದರ ನಡುವೆ ಕತ್ತರಿ ಹಾಕುವ ಬದಲು ಒಂದು ಹೆಜ್ಜೆ ಹಿಂದೆ ಬನ್ನಿ: ವೊಸ್-ಸಿಂಗೆರ್.

ಕಂಪ್ಯೂಟರ್‌ನಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಪಠ್ಯದ ಭಾಷೆ ಇಂಗ್ಲಿಷ್ ಎಂದು ಗುರುತಾಗಿರುತ್ತದೆ, ತಂತ್ರಾಂಶ ಇಂಗ್ಲಿಷ್ ನಿಯಮದಂತೆ ಮುರಿಯುತ್ತದೆ. ಬೊಕ್ಮೋಲ್ ಭಾಗಕ್ಕೆ 'ಎನ್‌ಬಿ', ನ್ಯುನೊರ್ಸ್ಕ್ ಭಾಗಕ್ಕೆ 'ಎನ್‌ಎನ್' ಎಂಬ ಭಾಷಾಸಂಕೇತ ಕೊಟ್ಟರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಲಿಬ್ರೆಆಫೀಸ್‌ನಲ್ಲಿ ಸಾಲಿನ ಕೊನೆಗೆ 2 ಅಕ್ಷರ, ಮುಂದಿನ ಸಾಲಿನ ಆರಂಭಕ್ಕೆ 2 ಅಕ್ಷರ ಬಿಟ್ಟು ಮುರಿಯುವಂತೆ ಮೊದಲೇ ಹೊಂದಿಸಿರುತ್ತದೆ. ಎರಡನ್ನೂ 3 ಮಾಡಿದರೆ ಊರಿಗರ ಹೆಸರುಗಳು ಚೆನ್ನಾಗಿ ಕೂರುತ್ತವೆ. ವೆಸ್ಟೆರ್‌ಓಲಿಂಗ್‌ನಂಥವಕ್ಕೆ ಬೆಸುಗೆಯ ಜಾಗದಲ್ಲಿ ಕಣ್ಣಿಗೆ ಕಾಣದ ಮೃದು ಹೈಫನ್ ಹಾಕಿಬಿಡುವುದು ಉತ್ತಮ. ಅಗತ್ಯ ಬಿದ್ದಾಗ ಮಾತ್ರ ಅದು ಗೆರೆಯಾಗಿ ಕಾಣಿಸುತ್ತದೆ. ಮಾಮೂಲಿ ಹೈಫನ್ ಒತ್ತಿದಿರೋ, ಪುಟದ ಅಗಲ ಬದಲಾದಾಗ ಅದು ಸಾಲಿನ ನಡುವೆ ಬಂದು ಕೂರುತ್ತದೆ.

ಹಂತ 7: ಬಹುವಚನ, ದೊಡ್ಡಕ್ಷರ

ಊರ ಹೆಸರು ದೊಡ್ಡಕ್ಷರದಿಂದ, ಊರಿಗರ ಹೆಸರು ಸಣ್ಣಕ್ಷರದಿಂದ. ಇಂಗ್ಲಿಷ್ ಓದಿದ ಕೈ ಇಲ್ಲಿ ತಪ್ಪಿಯೇ ತಪ್ಪುತ್ತದೆ, ಮುಗಿಸಿದ ಮೇಲೆ ಒಮ್ಮೆ ಇದಕ್ಕೆಂದೇ ಓದಿ. ವಾಕ್ಯದ ಮೊದಲಲ್ಲಿ ಬಂದರೆ ಮಾತ್ರ ದೊಡ್ಡಕ್ಷರ.

ಬೊಕ್ಮೋಲ್: ವೊಸ್ಸಿಂಗ್, ವೊಸ್ಸಿಂಗೆನ್ (ಆ ವೊಸ್ಸಿಂಗ್), ವೊಸ್ಸಿಂಗೆರ್ (ಹಲವರು), ವೊಸ್ಸಿಂಗೆನೆ (ಆ ಎಲ್ಲರೂ). ನ್ಯುನೊರ್ಸ್ಕ್‌ನಲ್ಲಿ ಬಹುವಚನ ವೊಸ್ಸಿಂಗರ್, ವೊಸ್ಸಿಂಗನೆ. 'ಎರ್' ಇರುವವು ಬೊಕ್ಮೋಲ್‌ನಲ್ಲಿ ಬೆರ್ಗೆನ್ಸೆರ್, ಬೆರ್ಗೆನ್ಸೆರೆ, ಬೆರ್ಗೆನ್ಸೆರ್ನೆ ಎಂದು ನಡೆಯುತ್ತವೆ. ನ್ಯುನೊರ್ಸ್ಕ್‌ನಲ್ಲಿ ಬೆರ್ಗೆನ್ಸರ್, ಬೆರ್ಗೆನ್ಸರರ್, ಬೆರ್ಗೆನ್ಸರನೆ. 'ಬೆರ್ಗೆನ್ಸೆರ್' ಏಕವಚನ, ಕೊನೆಯ 'ಎರ್' ನೋಡಿ ಬಹುವಚನ ಎಂದುಕೊಂಡರೆ ಇಡೀ ವಾಕ್ಯ ಹಾಳಾಗುತ್ತದೆ. ಗುಡ್‌ಬ್ರಾಂಡ್ಸ್‌ಡೋಲ್ ಬಹುವಚನದಲ್ಲಿ ಬೊಕ್ಮೋಲ್‌ಗೆ ಡೋಲೆರ್, ನ್ಯುನೊರ್ಸ್ಕ್‌ಗೆ ಡೋಲರ್. ನಾರ್ವೆಯವನು ಎಂಬರ್ಥದ 'ನೂರ್‌ಮನ್' ಬಹುವಚನದಲ್ಲಿ 'ನೂರ್‌ಮೆನ್' ಆಗುತ್ತದೆ, ಹೆಂಗಸರಿಗೂ ಅದೇ ಪದ.

ವಸ್ತುಗಳಿಗೆ ಊರಿಗರ ಹೆಸರನ್ನು ಹಚ್ಚಬೇಡಿ. ಕಂದು ಬಣ್ಣದ, ಸಿಹಿ ರುಚಿಯ ಆ ಪ್ರಸಿದ್ಧ ಚೀಸ್ ಗುಡ್‌ಬ್ರಾಂಡ್ಸ್‌ಡಾಲ್ಸ್‌ಊಸ್ಟ್. ಅದರಲ್ಲಿರುವುದು ಕಣಿವೆಯ ಹೆಸರು ಡಾಲ್, ಜನರ ಹೆಸರು ಡೋಲ್ ಅಲ್ಲ.

ಹಂತ 8: ಕನ್ನಡದಲ್ಲಿ ಬರೆಯುವಾಗ

ಮೂಲದ ಬಹುವಚನಕ್ಕೆ ಮತ್ತೆ 'ಗಳು' ಸೇರಿಸಿ 'ವೊಸ್ಸಿಂಗೆರ್‌ಗಳು' ಎಂದು ಬರೆಯುವವರಿದ್ದಾರೆ. 'ಹಲವು ಜನರುಗಳು' ಎಂದ ಹಾಗೆ. ಏಕವಚನ ತೆಗೆದುಕೊಂಡು ಕನ್ನಡದ ಬಹುವಚನ ಹಚ್ಚಿ. 'ಇಂಗ್' ಇರುವಲ್ಲಿ 'ಅರು' ಸೊಗಸಾಗಿ ಕೂರುತ್ತದೆ: ವೊಸ್ಸಿಂಗರು, ಸುನ್‌ಮೋರಿಂಗರು. 'ಎರ್' ಇರುವಲ್ಲಿ ರಕಾರಗಳು ಮುಗ್ಗರಿಸುತ್ತವೆ. 'ಬೆರ್ಗೆನ್ಸೆರರು' ಎನ್ನುವುದಕ್ಕಿಂತ 'ಬೆರ್ಗೆನ್ಸೆರ್ ಜನ' ಎಂದರೆ ಓದಲು ಹಗುರ. ಡೋಲ್, ವ್ಯಾರ್ ಇದ್ದರೆ 'ಗಳು' ನಡೆಯುತ್ತದೆ. ಹಾಗೆ ಸೇರಿಸುವಾಗ ನಡುವೆ ಶೂನ್ಯ ಅಗಲದ ಬೇರ್ಪಡಿಕೆ ಅಕ್ಷರ ಹಾಕದಿದ್ದರೆ 'ಲ್ಗ', 'ರ್ಗ' ಎಂದು ಒತ್ತಾಗಿ ಮೂಲದ ಹೆಸರೇ ಗುರುತು ಸಿಗದಂತಾಗುತ್ತದೆ. ಟ್ರೊಂಡ್‌ಹೈಮ್, ಸೆಲ್‌ಬೂ ಮೊದಲಾದ ಸಮಾಸಗಳ ನಡುವೆಯೂ ಅದೇ ಅಕ್ಷರ ಬೆಸುಗೆಯನ್ನು ಕಾಣಿಸುತ್ತದೆ.

ಕನ್ನಡದ ಸಾಲಿನ ಕೊನೆಗೆ ಇಂಥ ಹೆಸರು ಬಂದರೆ ಇಡಿಯಾಗಿ ಕೆಳಗಿಳಿಸಿ. ಒಡೆಯಲೇಬೇಕಾಗಿ ಬಂದರೆ ಸಮಾಸದ ಬೆಸುಗೆಯಲ್ಲಿ ಮಾತ್ರ ಒಡೆಯಿರಿ: ಗುಡ್‌ಬ್ರಾಂಡ್ಸ್-ಡೋಲ್, ಟ್ರೊಮ್ಸೋ-ವ್ಯಾರಿಂಗ್. ಒಂದು ವ್ಯಂಜನದ ನಿಯಮವನ್ನು ನಮ್ಮ ಲಿಪಿಗೆ ತಂದು ವೊಸ್-ಸಿಂಗ್ ಎಂದು ಕನ್ನಡದಲ್ಲಿ ಮುರಿದರೆ, ಒತ್ತಕ್ಷರ ಬಿಚ್ಚಿಕೊಂಡು ಮೇಲಿನ ಸಾಲಿನ ಕೊನೆಗೆ ಒಂಟಿ 'ಸ್' ನೇತಾಡುತ್ತದೆ. ಮೊದಲ ಸಲ ಹೆಸರು ಬಂದಾಗ ಪಕ್ಕದಲ್ಲೇ ಊರನ್ನೂ ಹೇಳಿಬಿಡಿ: 'ಸೆಲ್‌ಬೂ ಊರಿನ ಸೆಲ್‌ಬ್ಯುಗ್‌ಗಳು', 'ಬ್ಯಾರುಮ್‌ನ ಬ್ಯಾರಿಂಗರು'. ಎರಡನೆಯ ಸಲದಿಂದ ಹೆಸರೊಂದೇ ಸಾಕು.